ಪಾಡ್‌ಕಾಸ್ಟ್: ಹಸಿರು ಟಿಕ್ ನಂಬಿ ಕೆಟ್ಟ ನಮ್ಮ ಬಿಲ್ಡ್‌ನ ಕತೆ

ಇವತ್ತು ಸಾಫ್ಟ್‌ವೇರ್ ಕಟ್ಟುವ ಕೆಲಸದ ಬಗ್ಗೆ ಮಾತಾಡೋಣ ಅಂತ ಬಂದಿದ್ದೀನಿ. ಕೋಡ್ ಬರೆಯೋದು ನಿಮ್ಮ ಕೆಲಸ ಅಲ್ಲದಿದ್ದರೂ ಕೇಳಿ. ನೀವು ಬ್ಯಾಂಕಿನ ಆ್ಯಪ್ ತೆರೆದಾಗ, ಬಸ್ ಟಿಕೆಟ್ ಬುಕ್ ಮಾಡಿದಾಗ, ಅದರ ಹಿಂದೆ ನಡೆಯೋದು ಇದೇ.

ಮೊದಲು ಎರಡು ಪದ ಬಿಡಿಸಿ ಹೇಳ್ತೀನಿ. ಟೀಮಿನಲ್ಲಿ ಯಾರಾದರೂ ಕೋಡ್ ಬದಲಿಸಿ ಸೇರಿಸಿದ ಕೂಡಲೇ ಒಂದು ಸರ್ವರ್ ತಾನಾಗಿಯೇ ಎಲ್ಲವನ್ನೂ ಜೋಡಿಸಿ ಪ್ರೋಗ್ರಾಂ ಕಟ್ಟುತ್ತೆ, ಪರೀಕ್ಷೆಗಳನ್ನು ಓಡಿಸುತ್ತೆ. ಸರಿಯಿದ್ದರೆ ಹಸಿರು ಟಿಕ್, ತಪ್ಪಿದ್ದರೆ ಕೆಂಪು ಗುರುತು. ಇದಕ್ಕೆ ಕಂಟಿನ್ಯುಯಸ್ ಇಂಟಿಗ್ರೇಷನ್, ಚಿಕ್ಕದಾಗಿ ಸಿಐ ಅಂತೀವಿ. ಇನ್ನು ಡಿಪೆಂಡೆನ್ಸಿ ಅಂದ್ರೆ ನಾವು ಬರೆಯದೆ ಹೊರಗಿನಿಂದ ತಂದು ಬಳಸುವ ಕೋಡ್. ಅಂಗಡಿಯಿಂದ ಸಾರಿನ ಪುಡಿ ತಂದ ಹಾಗೆ. ಪುಡಿ ತಂದದ್ದು ನಮಗೆ ಗೊತ್ತು, ಅದರೊಳಗಿನ ಮೆಣಸಿನಕಾಯಿ ಎಲ್ಲಿಂದ ಬಂತು ಅಂತ ಗೊತ್ತಿಲ್ಲ. ಲೈಬ್ರರಿಗಳೂ ಹಾಗೇ. ಒಂದರೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು.

ಈಗ ನನ್ನ ತಪ್ಪಿನ ಕತೆ. 2020ರಲ್ಲಿ ನಾನು ಬೆಂಗಳೂರಿನ ಒಂದು ಕಂಪನಿಯಲ್ಲಿ ಎಂಟು ಜನರ ಟೀಮಿನಲ್ಲಿದ್ದೆ. ನಾವು ಬಳಸುವ ಲೈಬ್ರರಿಗಳಲ್ಲಿ ಸುರಕ್ಷತೆಯ ದೋಷ ಇದೆಯಾ ಅಂತ ನೋಡುವ ತಪಾಸಣೆಯನ್ನು ಪ್ರತಿ ಬಿಲ್ಡ್‌ಗೂ ಸೇರಿಸಿದೆವು. ಮೊದಲ ದಿನವೇ ನೂರಕ್ಕೂ ಹೆಚ್ಚು ಎಚ್ಚರಿಕೆ ಬಂದವು. ಎಲ್ಲವೂ ಹಳೆಯವು, ಯಾವುದು ಮುಖ್ಯ ಅಂತ ತಿಳಿಯುತ್ತಿರಲಿಲ್ಲ. ಬಿಲ್ಡ್ ದಿನಾ ಕೆಂಪಾಗಿಯೇ ಇರುತ್ತಿತ್ತು. ಒಂದು ಶುಕ್ರವಾರ ಸಂಜೆ ಗ್ರಾಹಕರಿಗೆ ಹೊಸ ಆವೃತ್ತಿ ಕೊಡಬೇಕಿತ್ತು. ನಾನು ಪೈಪ್‌ಲೈನ್ ಫೈಲಿನಲ್ಲಿ ಒಂದು ಸಾಲು ಸೇರಿಸಿದೆ. ತಪಾಸಣೆ ಸೋತರೂ ಮುಂದಕ್ಕೆ ಹೋಗು ಅನ್ನೋದು ಅದರ ಅರ್ಥ. ಪಕ್ಕದಲ್ಲಿ ‘ತಾತ್ಕಾಲಿಕ’ ಅಂತಲೂ ಬರೆದೆ. ಆ ಸಾಲು ಒಂದು ವರ್ಷಕ್ಕೂ ಮೀರಿ ಅಲ್ಲೇ ಕೂತಿತ್ತು. ಬಿಲ್ಡ್ ಹಸಿರಾಗಿತ್ತು, ಎಲ್ಲರಿಗೂ ನೆಮ್ಮದಿ.

2021ರ ಡಿಸೆಂಬರ್ 10, ಅದೂ ಶುಕ್ರವಾರವೇ. ಲಾಗ್‌ಫೋರ್‌ಜೆ ಅನ್ನುವ ಜಾವಾ ಲೈಬ್ರರಿಯ ದೋಷ ಜಗತ್ತಿಗೆಲ್ಲ ಗೊತ್ತಾಗಿತ್ತು. ಪ್ರೋಗ್ರಾಂನಲ್ಲಿ ಏನೇನು ನಡೀತು ಅಂತ ಬರೆದಿಡೋದಷ್ಟೇ ಆ ಲೈಬ್ರರಿಯ ಕೆಲಸ. ಆದರೆ ಹೊರಗಿನವರು ಕಳಿಸಿದ ಒಂದು ವಿಶೇಷ ಅಕ್ಷರಸಾಲನ್ನು ಅದು ಬರೆದುಕೊಳ್ಳಲು ಹೋದರೆ, ಎಲ್ಲಿಂದಲೋ ಕೋಡ್ ತರಿಸಿ ನಮ್ಮ ಸರ್ವರ್‌ನಲ್ಲೇ ಓಡಿಸಿಬಿಡುತ್ತಿತ್ತು. ತೀವ್ರತೆಯ ಅಳತೆಯಲ್ಲಿ ಅದಕ್ಕೆ ಸಿಕ್ಕಿದ್ದು 10ಕ್ಕೆ 10.

ನಮ್ಮ ಮ್ಯಾನೇಜರ್ ಕೇಳಿದ್ದು ಒಂದೇ ಪ್ರಶ್ನೆ: ‘ನಾವು ಇದನ್ನ ಎಲ್ಲೆಲ್ಲಿ ಬಳಸ್ತಿದ್ದೀವಿ?’ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಶನಿವಾರ, ಭಾನುವಾರ ಕೂತು ಫೈಲುಗಳಲ್ಲಿ ಆ ಹೆಸರು ಹುಡುಕಿದೆವು. ಕಂಡ ಕಡೆಯಲ್ಲೆಲ್ಲ ಸರಿಮಾಡಿ, ಮುಗೀತು ಅಂದುಕೊಂಡೆವು.

ಬುಧವಾರ ಟೀಮಿನ ಹೊಸ ಹುಡುಗಿಯೊಬ್ಬಳು ಸೋಮವಾರದ ಬಿಲ್ಡ್‌ನ ಲಾಗ್ ತೆರೆದು ನನ್ನ ಹತ್ತಿರ ಬಂದಳು. ‘ಸರ್, ಇದರಲ್ಲಿ ಲಾಗ್‌ಫೋರ್‌ಜೆ ಇದೆ ಅಂತ ತೋರಿಸ್ತಿದೆ, ಆದ್ರೆ ಟಿಕ್ ಹಸಿರಾಗಿದೆ, ಯಾಕೆ?’ ನನ್ನ ಮುಖ ಬಿಳಿಚಿಕೊಂಡಿತು. ಆ ಸೇವೆಯಲ್ಲಿ ಲಾಗ್‌ಫೋರ್‌ಜೆ ನೇರವಾಗಿ ಇರಲಿಲ್ಲ, ಬೇರೆ ಲೈಬ್ರರಿಯೊಳಗಿಂದ ಬಂದಿತ್ತು. ಅದಕ್ಕೇ ನಮ್ಮ ಹುಡುಕಾಟಕ್ಕೆ ಸಿಕ್ಕಿರಲಿಲ್ಲ. ಯಂತ್ರ ಕಂಡುಹಿಡಿದು ಬರೆದಿಟ್ಟಿತ್ತು. ಅದರ ಬಾಯಿ ಕಟ್ಟಿದ್ದು ನಾನು. ಎರಡು ದಿನ ಆ ಸೇವೆ ಬಾಗಿಲು ತೆರೆದಿಟ್ಟ ಮನೆಯ ಹಾಗೆ ಇತ್ತು. ನಮ್ಮ ಪುಣ್ಯ, ಯಾರೂ ಒಳಗೆ ಬಂದ ಗುರುತು ಸಿಗಲಿಲ್ಲ. ಇನ್ನೊಂದು ಸೇವೆಯ ಕತೆ ಬೇರೆ. ಆರು ತಿಂಗಳಿಂದ ಅದರ ಕೋಡನ್ನು ಯಾರೂ ಮುಟ್ಟಿರಲಿಲ್ಲ. ಬದಲಾವಣೆ ಇಲ್ಲ ಅಂದ್ರೆ ಬಿಲ್ಡ್ ಇಲ್ಲ, ಬಿಲ್ಡ್ ಇಲ್ಲ ಅಂದ್ರೆ ತಪಾಸಣೆಯೂ ಇಲ್ಲ.

ಆಮೇಲೆ ನಾವು ಮಾಡಿಕೊಂಡ ಬದಲಾವಣೆಗಳು ದೊಡ್ಡವೇನಲ್ಲ. ತಪಾಸಣೆ ಸೋತರೆ ಬಿಲ್ಡ್ ನಿಲ್ಲಬೇಕು, ಆದರೆ ಎಲ್ಲದಕ್ಕೂ ಅಲ್ಲ. ತೀವ್ರತೆ 7 ಅಥವಾ ಹೆಚ್ಚಿದ್ದರೆ ಮಾತ್ರ. ಯಾವುದಾದರೂ ಎಚ್ಚರಿಕೆಯನ್ನು ಸದ್ಯಕ್ಕೆ ಬಿಡಬೇಕಾದರೆ ಅದಕ್ಕೆ ಕಾರಣ, ಬಿಟ್ಟವರ ಹೆಸರು, ಕೊನೆಯ ದಿನಾಂಕ ಬರೆಯಬೇಕು. ಆ ದಿನ ದಾಟಿದರೆ ಬಿಲ್ಡ್ ಮತ್ತೆ ಕೆಂಪು. ಕೋಡ್ ಬದಲಾಗಲಿ ಬಿಡಲಿ, ಪ್ರತಿ ರಾತ್ರಿ ಎಲ್ಲ ಸೇವೆಗಳನ್ನೂ ಒಮ್ಮೆ ತಪಾಸಣೆಗೆ ಹಚ್ಚಬೇಕು. ಯಾವ ಲೈಬ್ರರಿಯ ಯಾವ ಆವೃತ್ತಿ ಅನ್ನೋದು ಲಾಕ್ ಫೈಲಿನಲ್ಲಿ ನಿಗದಿಯಾಗಿರಬೇಕು. ಇಲ್ಲದಿದ್ದರೆ ಇವತ್ತಿನ ಬಿಲ್ಡ್‌ಗೂ ನಾಳೆಯ ಬಿಲ್ಡ್‌ಗೂ ಹೊಂದಿಕೆಯೇ ಇರೋದಿಲ್ಲ.

‘ಹಾಗಾದ್ರೆ ಹೊಸ ಆವೃತ್ತಿ ಬಂದ ತಕ್ಷಣ ತಾನಾಗಿಯೇ ಹಾಕಿಕೊಂಡ್ರೆ ಆಯ್ತಲ್ಲ’ ಅಂತ ಕೆಲವರು ಕೇಳ್ತಾರೆ. ಆಗಲ್ಲ. 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಅನ್ನುವ ಲಿನಕ್ಸ್ ಸಾಧನದಲ್ಲಿ ಹಿಂಬಾಗಿಲು ಸಿಕ್ಕಿತು. ಅದು ಇದ್ದದ್ದು ಹೊಚ್ಚ ಹೊಸ 5.6.0 ಮತ್ತು 5.6.1 ಆವೃತ್ತಿಗಳಲ್ಲಿ. ಹಳೆಯದರಲ್ಲಿ ಉಳಿದವರೇ ಬಚಾವ್. ಆಂಡ್ರೆಸ್ ಫ್ರಾಯಿಂಡ್ ಅನ್ನುವ ಇಂಜಿನಿಯರ್, ಲಾಗಿನ್ ಆಗೋಕೆ ಸುಮಾರು ಅರ್ಧ ಸೆಕೆಂಡ್ ಹೆಚ್ಚು ಹಿಡೀತಿದೆಯಲ್ಲ ಅಂತ ಬೆನ್ನುಹತ್ತಿ ಹೋಗಿ ಅದನ್ನು ಕಂಡುಹಿಡಿದರು. ತಪಾಸಣೆಯ ಸಾಧನ ಹೇಳೋದು ಈಗಾಗಲೇ ಗೊತ್ತಿರುವ ದೋಷಗಳನ್ನಷ್ಟೇ. ಅದಕ್ಕೇ ಹೊಸ ಆವೃತ್ತಿಯ ಪ್ರಸ್ತಾವವನ್ನು ಬಾಟ್ ತಂದುಕೊಡಲಿ, ಪರೀಕ್ಷೆಗಳು ಓಡಲಿ, ತುರ್ತು ಇಲ್ಲದಿದ್ದರೆ ಕೆಲವು ದಿನ ಕಾಯೋಣ, ಸೇರಿಸುವ ಮುಂಚೆ ಒಬ್ಬರು ಓದೋಣ.

ಇನ್ನೊಂದು ಮಾತು. ಸಿಐ ಕೂಡ ಹೊರಗಿನ ಕೋಡನ್ನೇ ನಂಬಿಕೊಂಡಿರುತ್ತೆ. 2025ರ ಮಾರ್ಚ್‌ನಲ್ಲಿ ಗಿಟ್‌ಹಬ್‌ನ ಬಿಲ್ಡ್‌ಗಳಲ್ಲಿ ಸಾವಿರಾರು ಪ್ರಾಜೆಕ್ಟ್‌ಗಳು ಬಳಸುತ್ತಿದ್ದ ಒಂದು ಸಿದ್ಧ ‘ಆ್ಯಕ್ಷನ್’ ದಾಳಿಗೆ ಸಿಕ್ಕಿತು. ದಾಳಿಕೋರರು ಹಳೆಯ ಆವೃತ್ತಿಯ ಹೆಸರುಗಳನ್ನೇ ತಮ್ಮ ಕೆಟ್ಟ ಕೋಡ್‌ನತ್ತ ತಿರುಗಿಸಿದರು, ಪಾಸ್‌ವರ್ಡ್‌ನಂಥ ಗುಟ್ಟುಗಳು ಬಿಲ್ಡ್ ಲಾಗ್‌ನಲ್ಲಿ ಅಚ್ಚಾದವು. ಆವೃತ್ತಿಯ ಹೆಸರು ಬರೆಯುವ ಬದಲು ಕಮಿಟ್‌ನ ಪೂರ್ತಿ ಗುರುತುಸಂಖ್ಯೆ ಬರೆದಿಟ್ಟವರು ಆ ದಾಳಿಯಿಂದ ತಪ್ಪಿಸಿಕೊಂಡರು.

ಅವತ್ತು ಲಾಗ್ ತೆರೆದ ಆ ಹುಡುಗಿಗೆ ಯಾರೂ ಹಾಗೆ ಮಾಡು ಅಂತ ಹೇಳಿರಲಿಲ್ಲ. ಹಸಿರು ಟಿಕ್ ಇದ್ದರೂ ಒಳಗೆ ಏನು ಬರೆದಿದೆ ಅಂತ ಓದಿದ್ದು ಅವಳೊಬ್ಬಳೇ. ನೀವು ಈ ಕ್ಷೇತ್ರದಲ್ಲಿದ್ದರೆ ನಾಳೆ ಆಫೀಸಿಗೆ ಹೋದಾಗ ನಿಮ್ಮ ಪೈಪ್‌ಲೈನ್ ಫೈಲ್ ತೆರೆದು ನೋಡಿ. ‘ತಾತ್ಕಾಲಿಕ’ ಅಂತ ಬರೆದ ಸಾಲು ಎಲ್ಲಾದರೂ ಇದೆಯಾ? ಇದ್ದರೆ, ಬರೆದವರು ಯಾರು ಅಂತ ಹುಡುಕೋಕೆ ಹೋಗಬೇಡಿ. ಮೊದಲು ಅದನ್ನು ತೆಗೆದು, ಬಿಲ್ಡ್ ಏನು ಹೇಳುತ್ತೆ ಅಂತ ಕೇಳಿ.