ಮಾಲು ಹೋಯಿತು, ಹಣ ಬರಲಿಲ್ಲ: ಪೀಣ್ಯದ ಸಣ್ಣ ಉದ್ಯಮಿಗಳ ಸಮಾವೇಶದಲ್ಲಿ ಅಧ್ಯಕ್ಷ ಭಾಷಣ

  

2008ರ ಸೆಪ್ಟೆಂಬರಿನಲ್ಲಿ ಅಮೆರಿಕದ ಲೀಮನ್ ಬ್ರದರ್ಸ್ ಬ್ಯಾಂಕ್ ದಿವಾಳಿಯಾದಾಗ ನಮ್ಮಲ್ಲಿ ಬಹಳ ಮಂದಿ ಅದರ ಹೆಸರೇ ಕೇಳಿರಲಿಲ್ಲ. ದೀಪಾವಳಿ ಕಳೆಯುವಷ್ಟರಲ್ಲಿ ನಮ್ಮ ಶೆಡ್ಡುಗಳಲ್ಲಿ ಓವರ್‌ಟೈಮ್ ನಿಂತಿತು, ಆಮೇಲೆ ಎರಡನೇ ಶಿಫ್ಟೂ ನಿಂತಿತು. ಆ ಅಕ್ಟೋಬರಿನಿಂದ ಒಂದು ವರ್ಷ ದೇಶದ ರಫ್ತು ಹಿಂದಿನ ವರ್ಷದ ಮಟ್ಟ ಮುಟ್ಟಲಿಲ್ಲ. 2025ರ ಆಗಸ್ಟಿನಲ್ಲಿ ಅಮೆರಿಕ ಭಾರತದ ಮಾಲಿನ ಮೇಲೆ ಶೇ 50ರ ಸುಂಕ ಹೇರಿದಾಗ ಮತ್ತೆ ಅದೇ ಗಾಬರಿ. ವೈಟ್‌ಫೀಲ್ಡಿನಲ್ಲೋ ಎಲೆಕ್ಟ್ರಾನಿಕ್ ಸಿಟಿಯಲ್ಲೋ ಐಟಿ ಕೆಲಸ ಹೋದರೆ ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ. ಪೀಣ್ಯದಲ್ಲಿ ಶೆಡ್ ಮುಚ್ಚಿದರೆ ‘ಬಾಡಿಗೆಗೆ ಇದೆ’ ಎಂಬ ಬೋರ್ಡ್ ಬೀಳುತ್ತದೆ, ಅಷ್ಟೇ.

ನಮ್ಮಲ್ಲಿ ಹೆಚ್ಚಿನವರು ರಫ್ತು ಮಾಡುವವರಲ್ಲ, ರಫ್ತು ಮಾಡುವವರಿಗೆ ಬಿಡಿಭಾಗ ಮಾಡಿಕೊಡುವವರು. ವಿದೇಶದ ಗಿರಾಕಿ ಹಣ ತಡ ಮಾಡಿದರೆ ದೊಡ್ಡ ಕಂಪನಿ ನಮಗೆ ತಡ ಮಾಡುತ್ತದೆ. ನಾವು ಯಾರಿಗೆ ತಡ ಮಾಡೋಣ? ಬಟವಾಡೆಗೆ ಕಾದು ನಿಂತ ಕಾರ್ಮಿಕನಿಗೆ?

2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ (ಎಂಎಸ್‌ಎಂಇ) ಕಾಯ್ದೆಯ ಪ್ರಕಾರ 45 ದಿನದೊಳಗೆ ಹಣ ಕೊಡಬೇಕು. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ನಡೆಯುವುದೇನು? ಮಾಲು ಟೆಂಪೋದಲ್ಲಿ ಹೋಗುತ್ತದೆ, ಗೇಟಿನಲ್ಲಿ ಚಲನ್‌ಗೆ ಸೀಲ್ ಬೀಳುತ್ತದೆ, ಮಾಲು ಸ್ವೀಕರಿಸಿದ್ದಕ್ಕೆ ಕೊಡುವ ಚೀಟಿ, ಜಿಆರ್‌ಎನ್, ಮಾತ್ರ ಆಗುವುದಿಲ್ಲ. ‘ಕ್ವಾಲಿಟಿಯವರು ನೋಡಿಲ್ಲ, ನಾಳೆ ಬನ್ನಿ’ ಎನ್ನುತ್ತಾರೆ. ತಿಂಗಳು ಕಳೆದು ಜಿಆರ್‌ಎನ್ ಆಗುತ್ತದೆ. ಕಂಪನಿಯ ಲೆಕ್ಕದಲ್ಲಿ 45 ದಿನ ಶುರುವಾಗುವುದೇ ಅಲ್ಲಿಂದ. ಆದರೆ ಮಾಲು ತಲುಪಿದ 15 ದಿನದೊಳಗೆ ಬರಹದಲ್ಲಿ ತಕರಾರು ಬರದಿದ್ದರೆ, ತಲುಪಿದ ದಿನವೇ ಒಪ್ಪಿಕೊಂಡ ಹಾಗೆ ಎಂದು ಅದೇ ಕಾಯ್ದೆ ಹೇಳುತ್ತದೆ. ಅದನ್ನು ಎತ್ತಿ ತೋರಿಸಿದವನಿಗೆ ಮುಂದಿನ ತಿಂಗಳು ಆರ್ಡರ್ ಇಲ್ಲ.

ಇತ್ತ ಬ್ಯಾಂಕಿನ ಕಂತು 90 ದಿನ ನಿಂತರೆ ನಮ್ಮ ಖಾತೆ ಎನ್‌ಪಿಎ, ಅಂದರೆ ಕೆಟ್ಟ ಸಾಲ. 2009ರಲ್ಲಿ ನನ್ನ ಪಕ್ಕದ ಶೆಡ್ಡಿನ ಸಿಎನ್‌ಸಿ ಮೆಷೀನನ್ನು ಬ್ಯಾಂಕಿನವರು ಕ್ರೇನ್ ತಂದು ಎತ್ತಿಸಿಕೊಂಡು ಹೋದ ದಿನ, ಮಾಲೀಕರ ಕೈಯಲ್ಲಿದ್ದ ಬಾಕಿ ಬಿಲ್ಲುಗಳ ಮೊತ್ತ ಅವರ ಸಾಲಕ್ಕಿಂತ ಹೆಚ್ಚಿತ್ತು. ಅವರು ಕೆಲಸ ಕದ್ದವರಲ್ಲ, ಲೆಕ್ಕ ತಪ್ಪಿದವರೂ ಅಲ್ಲ. ಇಂಥ ಬಾಕಿ ತಡೆಯಲೆಂದು 2023ರ ಬಜೆಟ್ಟಿನಲ್ಲಿ ಆದಾಯ ತೆರಿಗೆ ಕಾಯ್ದೆಗೆ 43ಬಿ(ಎಚ್) ಕಲಮು ಸೇರಿತು: ಸಣ್ಣ ಉದ್ಯಮಗಳಿಗೆ ಗಡುವಿನೊಳಗೆ ಹಣ ಕೊಡದಿದ್ದರೆ, ಕೊಡುವ ವರ್ಷದವರೆಗೆ ಅದನ್ನು ಖರ್ಚಿಗೆ ಹಾಕುವಂತಿಲ್ಲ. ಆಗ ಅದರಿಂದ ತಪ್ಪಿಸಿಕೊಳ್ಳಲು ಕೆಲವು ಖರೀದಿದಾರರು, ‘ಸಣ್ಣ ಉದ್ಯಮವೆಂಬ ನಿಮ್ಮ ಉದ್ಯಮ್ ನೋಂದಣಿಯನ್ನೇ ಬಿಟ್ಟುಬಿಡಿ’ ಎಂದರು.

ಬಾಕಿ ಉಳಿಸಿಕೊಂಡ ಕಂಪನಿಗಳ ಹೆಸರನ್ನು ನಮ್ಮ ಸಂಘದ ಬೋರ್ಡಿಗೆ ಹಾಕೋಣ ಎಂದು ನಾನು ಸಮಿತಿಯಲ್ಲಿ ಕೇಳಿದಾಗ, ‘ಸಂಬಂಧ ಕೆಡುತ್ತದೆ’ ಎಂದು ತಡೆದವರು ಈ ಸಭೆಯಲ್ಲೂ ಇದ್ದಾರೆ. ದುಡಿದ ಹಣ ಕೊಡದವರ ಜೊತೆ ಅದೆಂಥ ಸಂಬಂಧ?

250 ಕೋಟಿಗೂ ಹೆಚ್ಚು ವಹಿವಾಟಿನ ಕಂಪನಿಗಳು, ಸಣ್ಣ ಉದ್ಯಮಗಳ ಬಿಲ್ಲಿಗೆ ಬೇಗ ಹಣ ಕೊಡಿಸುವ ಟ್ರೆಡ್ಸ್ ವೇದಿಕೆಯಲ್ಲಿ ನೋಂದಾಯಿಸಲೇಬೇಕು ಎಂಬ ಆದೇಶವಿದೆ. ನೋಂದಣಿ ಸಾಲದು, ತಕರಾರು ಬರದಿದ್ದರೆ 16ನೇ ದಿನ ಬಿಲ್ ಅಲ್ಲಿ ತಾನಾಗಿ ಒಪ್ಪಿತವಾಗಬೇಕು. ಬಾಕಿಯ ವ್ಯಾಜ್ಯ ಕೇಳುವ ಫೆಸಿಲಿಟೇಶನ್ ಕೌನ್ಸಿಲ್‌ಗೆ ದೂರನ್ನು ಸದಸ್ಯರ ಪರವಾಗಿ ಸಂಘವೇ ಕೊಡುವಂತಾಗಬೇಕು. ಕಂಪನಿಯ ಬಾಕಿ ಸಾಬೀತಾದರೆ ಬ್ಯಾಂಕಿನ 90 ದಿನದ ಎಣಿಕೆ ನಿಲ್ಲಬೇಕು. ಆರ್ಡರ್ ಇಲ್ಲದ ತಿಂಗಳುಗಳಲ್ಲಿ ಬೆಸ್ಕಾಂ ವಿದ್ಯುತ್ತಿನ ನಿಗದಿತ ಶುಲ್ಕ ಬಿಡಬೇಕು. 

ಬಾಕಿ ಉಳಿಸಿಕೊಂಡ ಕಂಪನಿಗಳ ಹೆಸರು ಪ್ರಕಟಿಸುವ ನಿರ್ಣಯದ ಪ್ರತಿ ನಿಮ್ಮ ಕೈಯಲ್ಲಿದೆ. ಊಟಕ್ಕೆ ಮೊದಲು ಮತಕ್ಕೆ ಹಾಕುತ್ತೇನೆ. ಬೇಡ ಎನ್ನುವವರು ಎದ್ದು ನಿಂತು ಕಾರಣ ಹೇಳಬೇಕು.