ಮುಟ್ಟದ ವಾದ್ಯ, ಕಾಣದ ಕೈ

ಎಲೆಕ್ಟ್ರಾನಿಕ್ ಸಂಗೀತದ ಕಛೇರಿಗಳ ಬಗ್ಗೆ ಒಂದು ದೂರು ಮತ್ತೆ ಮತ್ತೆ ಬರುತ್ತದೆ: ಕಲಾವಿದ ಲ್ಯಾಪ್‌ಟಾಪಿನ ಹಿಂದೆ ತಲೆ ತಗ್ಗಿಸಿ ನಿಂತಿರುತ್ತಾನೆ, ನುಡಿಸುತ್ತಿದ್ದಾನೋ ಇಮೇಲ್ ಓದುತ್ತಿದ್ದಾನೋ ಗೊತ್ತಾಗುವುದಿಲ್ಲ. ಹಾಗಾದರೆ ಅವನು ಕುಣಿಯಬೇಕೇ? ಈ ಸಂಗೀತದ ಮೊದಲ ವಾದ್ಯಗಳಲ್ಲಿ ಒಂದಾದ ಥೆರೆಮಿನ್ ಬೇರೆಯೇ ಉತ್ತರ ಕೊಡುತ್ತದೆ. 1920ರ ಸುಮಾರಿಗೆ ರಷ್ಯಾದ ಲೆವ್ ಥೆರೆಮಿನ್ ರೂಪಿಸಿದ ಈ ವಾದ್ಯವನ್ನು ಯಾರೂ ಮುಟ್ಟುವುದಿಲ್ಲ. ನೆಟ್ಟಗಿನ ಕಂಬಿಯ ಹತ್ತಿರ ಕೈ ತಂದರೆ ಶ್ರುತಿ ಏರುತ್ತದೆ, ಪಕ್ಕದ ಬಳೆಯ ಹತ್ತಿರ ತಂದರೆ ದನಿ ತಗ್ಗುತ್ತದೆ. ನುಡಿಸುವವರ ಮೈಯೂ ವಿದ್ಯುತ್ ಮಂಡಲದ ಒಂದು ಭಾಗವಾದ್ದರಿಂದ ಸುಮ್ಮನೆ ವಾಲಿದರೂ ಶ್ರುತಿ ಜಾರುತ್ತದೆ. ಆದ್ದರಿಂದಲೇ ಥೆರೆಮಿನ್ ವಾದಕಿ ಕ್ಲಾರಾ ರಾಕ್‌ಮೋರ್ ಬೊಂಬೆಯಂತೆ ನಿಂತು ಕೈ, ಬೆರಳುಗಳನ್ನಷ್ಟೇ ಆಡಿಸುತ್ತಿದ್ದರು. ಹಾವಭಾವ ಇಷ್ಟು ಕಡಿಮೆ, ಆದರೂ ಕಣ್ಣು ಕೀಳಲಾಗದು. ಬೆರಳು ಮಿಡಿದದ್ದು ಆ ಕ್ಷಣವೇ ಕೇಳುತ್ತದೆ, ತಪ್ಪಿದ್ದೂ ಕೇಳುತ್ತದೆ. ವೇದಿಕೆಯಿಂದ ನಾವು ಬಯಸುವುದು ಈ ನಂಟನ್ನು ಎಂಬುದು ನನ್ನ ವಾದ.

ಧ್ವನಿಮುದ್ರಣ ಈ ನಂಟನ್ನು ಕತ್ತರಿಸಿತು. 1948ರಲ್ಲಿ ಪ್ಯಾರಿಸ್ಸಿನ ರೇಡಿಯೋದಲ್ಲಿ ಪಿಯರ್ ಶೆಫರ್ ರೈಲಿನ ಸದ್ದುಗಳನ್ನು ಜೋಡಿಸಿ ಸಂಗೀತ ಮಾಡಿದಾಗ ಯಾರಿಗೂ ತೊಡಕಾಗಲಿಲ್ಲ. ರೇಡಿಯೋ ಎಂದರೆ ಹೇಗೂ ಅಶರೀರವಾಣಿ. ತೊಡಕು ಶುರುವಾದದ್ದು ಆ ಸಂಗೀತ ಸಭಾಂಗಣಕ್ಕೆ ಬಂದು, ವೇದಿಕೆಯಲ್ಲಿ ನುಡಿಸುವವರು ಕಾಣದಾದಾಗ. ಕಣ್ಣು ಮುಚ್ಚಿ ಕೇಳುವುದೇ ಶುದ್ಧ ಕೇಳ್ಮೆ, ಮನುಷ್ಯ ಕಾಣಲೇಬೇಕೇಕೆ ಎಂದು ಶೆಫರ್ ಪಂಥದವರು ಕೇಳುತ್ತಾರೆ. ಆಕ್ಷೇಪಣೆ ಹಗುರವಾದದ್ದಲ್ಲ. ಆದರೆ 1951ರಲ್ಲಿ ಸ್ವತಃ ಶೆಫರ್ ಬಳಗವೇ ವೇದಿಕೆಯ ಮೇಲೆ ದೊಡ್ಡ ತಂತಿಬಳೆಗಳನ್ನು ನಿಲ್ಲಿಸಿ, ಅವುಗಳ ನಡುವೆ ಕೈ ಆಡಿಸುತ್ತ ದನಿಯನ್ನು ಒಂದು ಸ್ಪೀಕರಿನಿಂದ ಇನ್ನೊಂದಕ್ಕೆ ಹರಿಸುವ ವ್ಯವಸ್ಥೆ ಮಾಡಿಕೊಂಡಿತು. ಕೈಯನ್ನು ಕಳೆದುಕೊಂಡವರೇ ಅದನ್ನು ಮತ್ತೆ ಹುಡುಕಿದರು.

ಜರ್ಮನಿಯ ಕ್ರಾಫ್ಟ್‌ವರ್ಕ್ ತಂಡ ತನ್ನ ಬದಲು ರೋಬೋ ಬೊಂಬೆಗಳನ್ನು ವೇದಿಕೆಯಲ್ಲಿ ನಿಲ್ಲಿಸಿತಲ್ಲ, ಎನ್ನಬಹುದು. ಅದು ಸೊಗಸಾದ ನಾಟಕ. ನುಡಿಸುವಿಕೆಯ ಪ್ರಶ್ನೆಯನ್ನು ಅದು ಬದಿಗಿಡುತ್ತದೆ ಅಷ್ಟೆ. ನಿಜವಾದ ಉತ್ತರ ವೇದಿಕೆಯಲ್ಲೇ ಕೋಡ್ ಬರೆಯುತ್ತ ಸಂಗೀತ ಹೊಮ್ಮಿಸುವ ಲೈವ್ ಕೋಡಿಂಗ್‌ನವರದು. 2004ರಲ್ಲಿ ಹುಟ್ಟಿದ ಟಾಪ್‌ಲ್ಯಾಪ್ ಬಳಗ, ನುಡಿಸುವವರು ತಮ್ಮ ಪರದೆಯನ್ನು ಸಭಿಕರಿಗೆ ತೋರಿಸಲೇಬೇಕು ಎಂದಿತು. ಕೋಡ್ ಓದಲು ಎಷ್ಟು ಜನಕ್ಕೆ ಬರುತ್ತದೆ? ಬರಬೇಕಾಗಿಲ್ಲ. ತಾಳದ ಲೆಕ್ಕ ತಿಳಿಯದವರೂ ತನಿ ಆವರ್ತನದಲ್ಲಿ ಮೃದಂಗದವರ ಕೈಯನ್ನೇ ನೋಡುತ್ತಾರೆ. ಒಂದು ಸಾಲು ಅಳಿಸಿದೊಡನೆ ತಾಳ ನಿಂತರೆ ಯಾರಿಗಾದರೂ ತಿಳಿಯುತ್ತದೆ. ಕುಣಿಯಲೆಂದೇ ಜನ ಸೇರುವ ಕಡೆ ಮಾತ್ರ ನನ್ನ ವಾದ ನಡೆಯುವುದಿಲ್ಲ. ಅಲ್ಲಿ ಡಿಜೆ ಮೂಲೆಯಲ್ಲಿದ್ದರೂ ಸರಿ, ಜನ ನೋಡುವುದು ಒಬ್ಬರನ್ನೊಬ್ಬರು.