ರನ್‌ವೇಗೆ ಹೋಗುವ ದಾರಿ: ಚಿಕ್ಕಬಳ್ಳಾಪುರ ಜಿಲ್ಲೆ ಮತ್ತು ವಿಮಾನ ಸಂಪರ್ಕ



ಪ್ರಾದೇಶಿಕ ವಿಮಾನ ನಿಲ್ದಾಣಗಳ ಬಗ್ಗೆ ಮಾತನಾಡಬೇಕೆಂದು ನನಗೆ ಹೇಳಿದ್ದೀರಿ. ಇಂಥ ವಿಷಯ ಎತ್ತಿದ ಕೂಡಲೇ ಬರುವ ಪ್ರಶ್ನೆ ಒಂದಿದೆ. ಶಿವಮೊಗ್ಗಕ್ಕೆ ಬಂತು, ಬೀದರ್‌ಗೆ ಬಂತು, ಕಲಬುರಗಿಗೆ ಬಂತು. ನಮ್ಮ ಜಿಲ್ಲೆಗೆ ಯಾವಾಗ? ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ನಮಗೆ ಇನ್ನೊಂದು ವಿಮಾನ ನಿಲ್ದಾಣ ಬೇಡ. ಈಗಾಗಲೇ ಇರುವ ನಿಲ್ದಾಣದ ಬಾಗಿಲಿಗೆ ನಮ್ಮ ಜನರೂ ನಮ್ಮ ಬೆಳೆಯೂ ಸಲೀಸಾಗಿ ಮುಟ್ಟುವ ದಾರಿ ಬೇಕು. ನಾನು ಇಂದು ಹೇಳಬೇಕಾದದ್ದು ಇಷ್ಟೆ. ಯಾಕೆ ಹಾಗೆ ಹೇಳುತ್ತೇನೆ ಎಂಬುದನ್ನು ಬಿಡಿಸಿಡುತ್ತೇನೆ.

ದೇವನಹಳ್ಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ 2008ರ ಮೇ 24ರಂದು ಶುರುವಾಯಿತು. 2019ರ ಕೊನೆಗೆ ಎರಡನೇ ರನ್‌ವೇ ಬಂತು, 2022ರ ನವೆಂಬರ್‌ನಲ್ಲಿ ಎರಡನೇ ಟರ್ಮಿನಲ್ ಉದ್ಘಾಟನೆಯಾಯಿತು. 2024-25ರ ಆರ್ಥಿಕ ವರ್ಷದಲ್ಲಿ ನಾಲ್ಕು ಕೋಟಿಗೂ ಹೆಚ್ಚು ಪ್ರಯಾಣಿಕರು ಅಲ್ಲಿ ಓಡಾಡಿದರು, ಐದು ಲಕ್ಷ ಟನ್‌ನಷ್ಟು ಸರಕು ಏರಿಳಿಯಿತು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ನಮ್ಮ ಈ ನಾಲ್ಕೂ ಊರುಗಳು ಅದಕ್ಕೆ ಹೆಚ್ಚೆಂದರೆ ಐವತ್ತು ಅರವತ್ತು ಕಿಲೋಮೀಟರ್ ದೂರ. ಚಿಕ್ಕಬಳ್ಳಾಪುರವಂತೂ ಬೆಂಗಳೂರಿನ ಎಷ್ಟೋ ಬಡಾವಣೆಗಳಿಗಿಂತ ಹತ್ತಿರ. ಜಯನಗರದವರು ಸಂಚಾರ ದಟ್ಟಣೆಯಲ್ಲಿ ಎರಡು ಗಂಟೆ ಕೂತು ತಲುಪುವ ಜಾಗಕ್ಕೆ ನಾವು ನಂದಿಬೆಟ್ಟ ನೋಡುತ್ತಾ ಅರ್ಧ ಗಂಟೆಯಲ್ಲಿ ಹೋಗಬಹುದು.

ಕಾನೂನಿನ ಮಾತನ್ನೂ ಸ್ವಲ್ಪ ಗಮನಿಸಬೇಕು. ಈ ನಿಲ್ದಾಣಕ್ಕೆಂದು ಮಾಡಿಕೊಂಡ 2004ರ ಒಪ್ಪಂದದ ಪ್ರಕಾರ, ನಿಲ್ದಾಣ ತೆರೆದ 25 ವರ್ಷಗಳವರೆಗೆ, ಅಂದರೆ 2033ರವರೆಗೆ, ಮೈಸೂರು ಮತ್ತು ಹಾಸನ ಬಿಟ್ಟರೆ 150 ಕಿ.ಮೀ. ದೂರದೊಳಗೆ ಬೇರೆ ಅಂತರರಾಷ್ಟ್ರೀಯ ನಿಲ್ದಾಣಕ್ಕೆ ಅವಕಾಶವಿಲ್ಲ. ಬೆಂಗಳೂರಿನ ಎರಡನೇ ನಿಲ್ದಾಣಕ್ಕೆಂದು 2025ರ ಏಪ್ರಿಲ್‌ನಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರದ ತಂಡ ಬಂದು ನೋಡಿಹೋದ ಜಾಗಗಳೂ ಕನಕಪುರ ರಸ್ತೆ ಮತ್ತು ನೆಲಮಂಗಲ–ಕುಣಿಗಲ್ ದಿಕ್ಕಿನವು. ನಮ್ಮ ಕಡೆಯವಲ್ಲ. ಅದರಲ್ಲಿ ನಮಗೆ ನಷ್ಟವೇನೂ ಇಲ್ಲ.

ರನ್‌ವೇ ಕಟ್ಟಿದ ಮಾತ್ರಕ್ಕೆ ವಿಮಾನ ಸಂಪರ್ಕ ಬಂದಂತಾಗುವುದಿಲ್ಲ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಬೇಕಾದಷ್ಟು ಉದಾಹರಣೆಗಳಿವೆ. ಮೈಸೂರಿನ ಮಂಡಕಳ್ಳಿ ನಿಲ್ದಾಣ 2010ರಲ್ಲಿ ಹೊಸದಾಗಿ ತೆರೆಯಿತು. ಕಿಂಗ್‌ಫಿಷರ್ ವಿಮಾನ ಬಂತು, ಮರುವರ್ಷವೇ ನಿಂತಿತು. ಬೀದರ್‌ನಲ್ಲಿ 2020ರ ಫೆಬ್ರುವರಿಯಲ್ಲಿ ಟ್ರೂಜೆಟ್ ಹಾರಾಟ ಆರಂಭಿಸಿತು. ಆ ಕಂಪನಿಯೇ ಮುಳುಗಿತು. ಬಳಿಕ ಬಂದ ಸ್ಟಾರ್ ಏರ್ ಕೂಡ 2023ರ ಕೊನೆಗೆ ನಿಲ್ಲಿಸಿ, 2025ರಲ್ಲಿ ಮತ್ತೆ ಶುರುಮಾಡಿತು. ಬೀದರ್‌ನಲ್ಲಿ ಹೀಗೆ ನಿಲ್ಲುವುದಕ್ಕೂ ಹೊರಡುವುದಕ್ಕೂ ಕಾರಣ ಕಣ್ಣೆದುರೇ ಇದೆ. 2016ರಲ್ಲಿ ಕೇಂದ್ರ ಸರ್ಕಾರ ಘೋಷಿಸಿದ ಉಡಾನ್ ಯೋಜನೆಯಲ್ಲಿ ವಿಮಾನದ ಒಂದಷ್ಟು ಸೀಟುಗಳಿಗೆ ದರದ ಮಿತಿ ಇತ್ತು. ಒಂದು ಗಂಟೆಯ ಹಾರಾಟಕ್ಕೆ ಮೊದಲಿಗೆ ಇಟ್ಟದ್ದು 2,500 ರೂಪಾಯಿ. ಅದರಿಂದಾಗುವ ನಷ್ಟವನ್ನು ಸರ್ಕಾರ ತುಂಬಿಕೊಡುತ್ತಿತ್ತು. ಆದರೆ ಅದು ಮೂರೇ ವರ್ಷ. ಅಷ್ಟರಲ್ಲಿ ದಿನವೂ ವಿಮಾನ ತುಂಬುವಷ್ಟು ವ್ಯಾಪಾರ, ಆಸ್ಪತ್ರೆ, ಕಚೇರಿ, ಕಾಲೇಜು ಆ ಊರಲ್ಲಿ ಬೆಳೆಯದಿದ್ದರೆ ನಾಲ್ಕನೇ ವರ್ಷ ಕಂಪನಿ ಗಂಟುಮೂಟೆ ಕಟ್ಟುತ್ತದೆ.

ಶಿವಮೊಗ್ಗದ ಕುವೆಂಪು ವಿಮಾನ ನಿಲ್ದಾಣಕ್ಕೆ ಸುಮಾರು 450 ಕೋಟಿ ರೂಪಾಯಿ ಹಾಕಿ 3,200 ಮೀಟರ್ ಉದ್ದದ ರನ್‌ವೇ ಮಾಡಿದರು. ರಾಜ್ಯ ಸರ್ಕಾರವೇ ಅದನ್ನು ನಡೆಸುತ್ತಿದೆ. ಇದು ಮೆಚ್ಚಬೇಕಾದ ಸಾಹಸ. ಆದರೂ ಮಲೆನಾಡಿನ ಮಂಜು ಮಳೆಯಲ್ಲಿ ಪೈಲಟ್ಟಿಗೆ ನೆಲ ಕಾಣದೆ ವಿಮಾನಗಳು ಬೇರೆ ಊರಿಗೆ ತಿರುಗಿದ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ರನ್‌ವೇ ಉದ್ದವಿದ್ದರೆ ಸಾಲದು, ಇಳಿಯಲು ದಾರಿ ತೋರಿಸುವ ಉಪಕರಣವೂ ಅಷ್ಟೇ ಮುಖ್ಯ. ಉದ್ಘಾಟನೆಯ ದಿನ ಯಾರ ಕಣ್ಣಿಗೂ ಬೀಳದ ವಸ್ತು ಅದು.

ಕಲಬುರಗಿ, ಬೀದರ್, ವಿಜಯಪುರ, ರಾಯಚೂರಿಗೆ ವಿಮಾನ ಬೇಡ ಎಂದು ನಾನು ಹೇಳುತ್ತಿಲ್ಲ. ರಾಜಧಾನಿಗೆ ರಾತ್ರಿಯಿಡೀ ರೈಲಿನಲ್ಲಿ ಬರಬೇಕಾದ ಆ ಜಿಲ್ಲೆಗಳಿಗೆ ಅದು ಬೇಕೇ ಬೇಕು. ಅನುದಾನ ಮೂರು ವರ್ಷಕ್ಕೆ ನಿಲ್ಲಬಾರದು ಎಂಬುದೇ ನನ್ನ ಅಭಿಪ್ರಾಯ. ಆದರೆ ನಮ್ಮ ಸ್ಥಿತಿ ಬೇರೆ. ಬಾಗೇಪಲ್ಲಿ ದಾಟಿದರೆ ಪುಟ್ಟಪರ್ತಿ. ಅಲ್ಲಿ 1990ರಲ್ಲೇ ನಿಲ್ದಾಣ ಕಟ್ಟಿದರು. ದೇಶ ವಿದೇಶದ ಭಕ್ತರು ಬರುವ ಊರು ಅದು. ಅಂಥ ಊರಿನಲ್ಲೂ ನಿಗದಿತ ವಿಮಾನಗಳು ಉಳಿಯಲಿಲ್ಲ. ಬೆಂಗಳೂರು ಅಷ್ಟು ಹತ್ತಿರವಿರುವಾಗ ಉಳಿಯುವುದೂ ಕಷ್ಟ.

ಈಗ ನಮ್ಮ ತೋಟಗಳಿಗೆ ಬರೋಣ.

ನಂದಿ ಹೋಬಳಿಯ ಪಾಲಿಹೌಸ್ ಒಂದರೊಳಗೆ ಬೆಳಗಿನ ಜಾವ ಹೋಗಿ ನೋಡಿ. ಮೊಗ್ಗಿನ ಹೊರಗಿನ ಎಸಳು ಒಂದೆರಡು ಸಡಿಲವಾಗಿವೆ ಎನ್ನುವ ಹೊತ್ತಿಗೆ ಗುಲಾಬಿಯನ್ನು ಕತ್ತರಿಸಬೇಕು. ಬೇಗ ಕತ್ತರಿಸಿದರೆ ಅರಳುವುದಿಲ್ಲ, ತಡಮಾಡಿದರೆ ದಾರಿಯಲ್ಲೇ ಅರಳಿಬಿಡುತ್ತದೆ. ಕತ್ತರಿಸಿದ ತಕ್ಷಣ ನೀರಿನ ಬಕೆಟ್ಟಿಗೆ ಇಳಿಸಬೇಕು. ಆಮೇಲೆ ಹೆಣ್ಣುಮಕ್ಕಳು ಮೇಜಿನ ಸುತ್ತ ನಿಂತು ಕಡ್ಡಿಯ ಉದ್ದ ನೋಡಿ 40, 50, 60 ಸೆಂಟಿಮೀಟರ್ ಎಂದು ವಿಂಗಡಿಸುತ್ತಾರೆ, ಕೆಳಗಿನ ಎಲೆ ಮುಳ್ಳು ತೆಗೆಯುತ್ತಾರೆ, ಇಪ್ಪತ್ತು ಹೂವಿಗೊಂದು ಕಟ್ಟು ಮಾಡಿ ಅಲೆಅಲೆ ರಟ್ಟಿನಲ್ಲಿ ಸುತ್ತುತ್ತಾರೆ. ಅಲ್ಲಿಂದ ಎರಡರಿಂದ ನಾಲ್ಕು ಡಿಗ್ರಿ ತಂಪಿನ ಕೋಣೆಗೆ. ಇಷ್ಟೆಲ್ಲ ಜೋಪಾನ ಮಾಡಿದ ಹೂ ಆಮೇಲೆ ಹೊರಡುವುದು ಬಹಳ ಸಲ ಟಾರ್ಪಾಲು ಹೊದೆಸಿದ ಸಾಮಾನ್ಯ ವ್ಯಾನಿನಲ್ಲಿ. ಹೋಗುವುದೆಲ್ಲಿಗೆ? ವಿಮಾನ ನಿಲ್ದಾಣದ ಮುಂದೆಯೇ ಹಾದು ಹೆಬ್ಬಾಳದ ಹೂ ಹರಾಜು ಕೇಂದ್ರಕ್ಕೆ, ಇಲ್ಲವೇ ಬೆಂಗಳೂರಿನ ಮಂಡಿಗೆ. ಅಲ್ಲಿ ಕೈ ಬದಲಾದ ಹೂ ದೆಹಲಿಗೋ ಕೊಲ್ಕತ್ತಾಗೋ ಹಾರಬೇಕಾದರೆ ಮತ್ತೆ ಅದೇ ಹೆದ್ದಾರಿಯಲ್ಲಿ ದೇವನಹಳ್ಳಿಗೆ ವಾಪಸ್ಸು ಬರುತ್ತದೆ. ಈ ಸುತ್ತಿನಲ್ಲಿ ಹೂವಿನ ಆಯುಸ್ಸೂ ಹೋಗುತ್ತದೆ, ರೈತನ ಪಾಲೂ ಕರಗುತ್ತದೆ.

ನಿಲ್ದಾಣದ ಒಳಗೆ ವ್ಯವಸ್ಥೆ ಇಲ್ಲವೆ? ಇದೆ. ಬೇಗ ಕೆಡುವ ಸರಕಿಗೆಂದೇ 2016ರಿಂದ ಅಲ್ಲಿ ವರ್ಷಕ್ಕೆ 40,000 ಟನ್ ಸಾಮರ್ಥ್ಯದ ಶೀತಲ ಕೇಂದ್ರ ನಡೆಯುತ್ತಿದೆ. ಹೂ, ಹಣ್ಣು, ತರಕಾರಿ ರಫ್ತಿನಲ್ಲಿ ದೇಶದ ಮುಂಚೂಣಿಯ ನಿಲ್ದಾಣಗಳಲ್ಲಿ ಅದೂ ಒಂದು. 2024ರಲ್ಲಿ ಪ್ರೇಮಿಗಳ ದಿನದ ಹೊತ್ತಿಗೆ ಅಲ್ಲಿಂದ ಹೊರಟ ಗುಲಾಬಿ ಸುಮಾರು 2.9 ಕೋಟಿ. ಕೊರತೆ ಇರುವುದು ತೋಟದ ತಂಪು ಕೋಣೆಗೂ ಆ ಶೀತಲ ಕೇಂದ್ರಕ್ಕೂ ನಡುವಿನ ಮೂವತ್ತು ನಲವತ್ತು ಕಿಲೋಮೀಟರಿನಲ್ಲಿ. ಐದು ಹತ್ತು ಗುಂಟೆಯ ರೈತ ಒಬ್ಬನೇ ಶೀತಲ ವಾಹನ ಮಾಡಲಾರ, ರಫ್ತಿನ ಕಾಗದ ಪತ್ರ ನೋಡಲಾರ. ಹತ್ತು ಜನ ಸೇರಿದರೆ ಆಗುತ್ತದೆ.

2025ರ ಜುಲೈ 2ರಂದು ನಂದಿಬೆಟ್ಟದಲ್ಲಿ ನಡೆದ ಸಚಿವ ಸಂಪುಟ ಸಭೆಯಲ್ಲಿ ಚಿಕ್ಕಬಳ್ಳಾಪುರದ ಆಧುನಿಕ ಹೂ ಮಾರುಕಟ್ಟೆಯ ತೀರ್ಮಾನವಾಯಿತು. ಒಳ್ಳೆಯದಾಯಿತು. ಆ ಮಾರುಕಟ್ಟೆ ಬರೀ ಛಾವಣಿ, ಮಳಿಗೆ, ಕಾಂಕ್ರೀಟ್ ಅಂಗಳವಾದರೆ ಅದು ಸೇವಂತಿ ಚೆಂಡುಹೂವಿನ ಮಂಡಿಯಾಗಿ ನಿಲ್ಲುತ್ತದೆ, ಅದಕ್ಕೂ ಬೆಲೆಯಿದೆ. ಆದರೆ ಶೀತಲ ಕೋಣೆ, ಸಸ್ಯರೋಗ ತಪಾಸಣೆಯ ಅಧಿಕಾರಿ, ನೇರ ನಿಲ್ದಾಣಕ್ಕೆ ಹೋಗುವ ತಂಪು ಲಾರಿ, ಈ ಮೂರೂ ಒಂದೇ ಆವರಣದಲ್ಲಿದ್ದರೆ ಚಿಕ್ಕಬಳ್ಳಾಪುರದಲ್ಲಿ ಪೆಟ್ಟಿಗೆಗೆ ಬಿದ್ದ ಮೊಹರು ಸಿಂಗಾಪುರದಲ್ಲೇ ಒಡೆಯಬಹುದು. ಇಂಥದ್ದೇ ಇನ್ನೊಂದು ಆಸ್ತಿ ಚಿಂತಾಮಣಿ ತಾಲೂಕಿನ ಮಾಡಿಕೆರೆಯಲ್ಲಿದೆ, ಮಾವು ರಫ್ತಿಗೆಂದು ಕಟ್ಟಿದ ಪ್ಯಾಕ್‌ಹೌಸ್. ಮಾವಿನ ಸುಗ್ಗಿ ಎರಡು ಮೂರು ತಿಂಗಳು. ಉಳಿದ ತಿಂಗಳುಗಳಲ್ಲಿ ಕೊಲ್ಲಿ ದೇಶಗಳಿಗೆ ಹೋಗುವ ನುಗ್ಗೆ, ಹಸಿಮೆಣಸಿನಕಾಯಿ, ಕೊತ್ತಂಬರಿಯನ್ನು ಅಲ್ಲೇ ತೊಳೆದು ವಿಂಗಡಿಸಿ ಕಳಿಸಲು ಯಾವ ಅಡ್ಡಿ?

ಎಲ್ಲ ಬೆಳೆಗೂ ವಿಮಾನ ಬೇಕೆಂದು ಆಸೆ ಹುಟ್ಟಿಸುವುದು ತಪ್ಪು. ಚಿಂತಾಮಣಿಯ ಟೊಮೆಟೊಗೆ ಲಾರಿಯೇ ಸರಿ. ನಮ್ಮ ಬೆಂಗಳೂರು ನೀಲಿ ದ್ರಾಕ್ಷಿ ರಸಕ್ಕೂ ವೈನಿಗೂ ಹೋಗುವ ಹಣ್ಣು. ವಿಮಾನದ ಬಾಡಿಗೆಯನ್ನು ಅದು ತಾಳದು. ಶಿಡ್ಲಘಟ್ಟದ ರೇಷ್ಮೆ ರೀಲರುಗಳಿಗೆ ಬೇಕಾದದ್ದು ಗೂಡಿನ ಗುಣಮಟ್ಟ, ದುಡಿಮೆಯ ಬಂಡವಾಳ ಮತ್ತು ಅದೇ ಸಂಪುಟ ಸಭೆ ಮಾತುಕೊಟ್ಟ ಹೈಟೆಕ್ ಗೂಡು ಮಾರುಕಟ್ಟೆ.

ಇನ್ನು ಜನರ ಓಡಾಟ. ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟೂರು ಮುದ್ದೇನಹಳ್ಳಿ ಚಿಕ್ಕಬಳ್ಳಾಪುರದ ಪಕ್ಕದಲ್ಲೇ ಇದೆ. ಅವರು ಮೈಸೂರಿನ ದಿವಾನರಾಗಿದ್ದ 1912ರಿಂದ 1918ರ ಅವಧಿಯಲ್ಲೇ ಬೆಂಗಳೂರಿನಿಂದ ದೇವನಹಳ್ಳಿ ಮೂಲಕ ಚಿಕ್ಕಬಳ್ಳಾಪುರಕ್ಕೆ, ಅತ್ತ ಕೋಲಾರದಿಂದ ಚಿಂತಾಮಣಿ, ಶಿಡ್ಲಘಟ್ಟದ ಮೇಲೆ ಇಲ್ಲಿಗೆ ಸಣ್ಣ ಹಳಿಯ ರೈಲು ಬಂತು. 2013ರಲ್ಲಿ ಕೋಲಾರದವರೆಗಿನ ಹಳಿಯೂ ಬ್ರಾಡ್‌ಗೇಜ್ ಆಯಿತು. ಶತಮಾನದ ಹಿಂದೆ ಹಾಕಿದ ಆ ದಾರಿ ಇವತ್ತು ವಿಮಾನ ನಿಲ್ದಾಣದ ಮಗ್ಗುಲಲ್ಲೇ ಹಾಯುತ್ತದೆ. 2021ರ ಜನವರಿಯಲ್ಲಿ ಅಲ್ಲೊಂದು ಹಾಲ್ಟ್ ಸ್ಟೇಷನ್ನೂ ತೆರೆಯಿತು. ಅಲ್ಲಿಂದ ಟರ್ಮಿನಲ್‌ಗೆ ಬಸ್ಸು. ನಮ್ಮ ನಾಲ್ಕರಲ್ಲಿ ಮೂರು ಊರುಗಳಿಗೆ ನಿಲ್ದಾಣದ ರೈಲು ಆಗಲೇ ಇದೆ ಎಂದಾಯಿತು! ಆದರೆ ಒಂಟಿ ಹಳಿ, ಬೆರಳೆಣಿಕೆಯ ರೈಲುಗಳು. ವಿಮಾನ ನಿಲ್ದಾಣದಲ್ಲಿ ದುಡಿಯುವ ಶಿಡ್ಲಘಟ್ಟದ ಹುಡುಗನ ಪಾಳಿ ರಾತ್ರಿ ಹತ್ತಕ್ಕೆ ಮುಗಿದರೆ ಅವನಿಗೆ ಮನೆಗೆ ಹೋಗಲು ರೈಲಿರಬೇಕಲ್ಲ. ಉಪನಗರ ರೈಲಿನ ‘ಸಂಪಿಗೆ’ ಮಾರ್ಗ ದೇವನಹಳ್ಳಿಗೆ ಬಂದು ನಿಲ್ಲುವಂತೆ ನಕ್ಷೆಯಾಗಿದೆ. ಅದು ಚಿಕ್ಕಬಳ್ಳಾಪುರಕ್ಕೆ ಬರಲಿ.

ಗೌರಿಬಿದನೂರಿನ ಕಷ್ಟ ಬೇರೆ. ಅದು ಹಿಂದೂಪುರ ಮಾರ್ಗದಲ್ಲಿದೆ, ಅಲ್ಲಿಂದ ಜಿಲ್ಲಾ ಕೇಂದ್ರಕ್ಕೇ ನೇರ ರೈಲಿಲ್ಲ. ಚಿಕ್ಕಬಳ್ಳಾಪುರ–ಗೌರಿಬಿದನೂರು ಹಳಿ ಬಹುಕಾಲದ ಬೇಡಿಕೆ. ಅದಾಗುವತನಕ ದೊಡ್ಡಬಳ್ಳಾಪುರದ ಮೇಲೆ ವಿಮಾನ ನಿಲ್ದಾಣದ ಒಳಕ್ಕೇ ಹೋಗುವ ಬಸ್ಸನ್ನಾದರೂ ಬೆಳಗ್ಗೆ, ರಾತ್ರಿ ಓಡಿಸಬೇಕು. ಚಿಕ್ಕಬಳ್ಳಾಪುರದಿಂದ ಬರುವ ಹೆದ್ದಾರಿಯ ಬಹುತೇಕ ಬಸ್ಸುಗಳಂತೂ ವಿಮಾನ ನಿಲ್ದಾಣದ ತಿರುವನ್ನು ದಾಟಿ ಬೆಂಗಳೂರಿಗೆ ಹೋಗಿಬಿಡುತ್ತವೆ.

ಕೊನೆಯದಾಗಿ ಭೂಮಿಯ ವಿಷಯ. ಇದನ್ನು ಬಿಟ್ಟು ಈ ಉಪನ್ಯಾಸ ಮುಗಿಸಲಾರೆ. ದೇವನಹಳ್ಳಿ ತಾಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ಏರೋಸ್ಪೇಸ್ ಪಾರ್ಕಿಗೆಂದು 1,777 ಎಕರೆ ಹಿಡಿಯಲು ಹೊರಟ ಸರ್ಕಾರ, ಮೂರು ವರ್ಷ ದಾಟಿದ ರೈತ ಹೋರಾಟದ ಮುಂದೆ 2025ರ ಜುಲೈ 15ರಂದು ಅದನ್ನು ಕೈಬಿಟ್ಟಿತು. ನಮ್ಮ ಶಿಡ್ಲಘಟ್ಟದ ಜಂಗಮಕೋಟೆ ಹೋಬಳಿಯಲ್ಲೂ ಕೈಗಾರಿಕೆಗೆಂದು ಜಮೀನು ಕೇಳಿದಾಗ ಇದೇ ಆತಂಕ, ಇದೇ ಪ್ರತಿರೋಧ. ವಿಮಾನ ನಿಲ್ದಾಣ ಹತ್ತಿರವಿದೆ ಎಂಬ ಕಾರಣಕ್ಕೆ ಹೂ, ಹಿಪ್ಪುನೇರಳೆ, ದ್ರಾಕ್ಷಿ ಬೆಳೆಯುವ ನೆಲವೆಲ್ಲ ಬಡಾವಣೆ, ಗೋದಾಮುಗಳಾದರೆ ಆ ವಿಮಾನದಲ್ಲಿ ಕಳಿಸಲು ನಮ್ಮದೆನ್ನುವ ಸರಕೇ ಇರುವುದಿಲ್ಲ. ರೈಲಿಗೂ ಮಾರುಕಟ್ಟೆಗೂ ಪ್ಯಾಕ್‌ಹೌಸಿಗೂ ಬೇಕಾಗುವ ಜಾಗ ಬಹಳ ಕಡಿಮೆ.

ಆದ್ದರಿಂದ ಇಲ್ಲಿರುವ ಜನಪ್ರತಿನಿಧಿಗಳಲ್ಲಿ ನನ್ನ ಮನವಿ: ವಿಮಾನ ನಿಲ್ದಾಣದ ಮನವಿಪತ್ರ ಬರೆಯುವ ಮೊದಲು, ಕೋಲಾರ–ಚಿಕ್ಕಬಳ್ಳಾಪುರ–ಯಲಹಂಕ ಹಳಿಯ ಜೋಡಿ ಮಾರ್ಗಕ್ಕೆ ಮತ್ತು ಹೂ ಮಾರುಕಟ್ಟೆಯ ಶೀತಲ ಕೋಣೆಗೆ ಬರೆಯಿರಿ. ವಿದ್ಯಾರ್ಥಿಗಳಲ್ಲಿ ಇನ್ನೊಂದು: ವಾಣಿಜ್ಯ, ತೋಟಗಾರಿಕೆ ಓದುತ್ತಿರುವ ನೀವು ರಫ್ತಿನ ಕಾಗದ ಪತ್ರದ ಕೆಲಸ ಕಲಿಯಿರಿ. ನಿಮ್ಮೂರಿನ ರೈತ ಉತ್ಪಾದಕ ಸಂಘಕ್ಕೆ ಇಂದೇ ಅಂಥವರು ಬೇಕಾಗಿದ್ದಾರೆ.